ಯಾವ ಹುದ್ದೆ ಮೊದಲು? ಕಂಪನಿಗಳ ನೇಮಕಾತಿ ಆದ್ಯತೆಗಳು ಎಡವುವುದೆಲ್ಲಿ

2022ರ ಜೂನ್‌ಗೆ ಕೊನೆಗೊಂಡ ಹನ್ನೆರಡು ತಿಂಗಳ ಲೆಕ್ಕದಲ್ಲಿ ಇನ್ಫೊಸಿಸ್‌ನ ಪ್ರತಿ ನೂರು ಉದ್ಯೋಗಿಗಳ ಪೈಕಿ 28ಕ್ಕೂ ಹೆಚ್ಚು ಮಂದಿ ತಾವಾಗಿಯೇ ಕೆಲಸ ಬಿಟ್ಟಿದ್ದರು. ಆ ಜಾಗಗಳನ್ನು ತುಂಬಲು ಕಂಪನಿ 2021–22ರಲ್ಲಿ ಸುಮಾರು 85 ಸಾವಿರ, ಮರುವರ್ಷ 50 ಸಾವಿರಕ್ಕೂ ಹೆಚ್ಚು ಹೊಸ ಪದವೀಧರರನ್ನು ಸೇರಿಸಿಕೊಂಡಿತು. 2023–24ರ ಹೊತ್ತಿಗೆ ಹೊಸ ಪದವೀಧರರ ಸಂಖ್ಯೆ 12 ಸಾವಿರದೊಳಗೆ ಕುಸಿಯಿತು, ಒಟ್ಟು ಸಿಬ್ಬಂದಿ ಒಂದೇ ವರ್ಷದಲ್ಲಿ ಸುಮಾರು 26 ಸಾವಿರದಷ್ಟು ಇಳಿಯಿತು. ಟಿಸಿಎಸ್‌ನ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. 2021–22ರಲ್ಲಿ ನಿವ್ವಳವಾಗಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡಿದ್ದ ಅದರ ಸಿಬ್ಬಂದಿ ಬಲ 2023–24ರಲ್ಲಿ 13 ಸಾವಿರದಷ್ಟು ತಗ್ಗಿತು. 2025ರ ಜುಲೈನಲ್ಲಿ ಒಟ್ಟು ಸಿಬ್ಬಂದಿಯ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು, ಅದರಲ್ಲೂ ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು ಕೈಬಿಡುವುದಾಗಿ ಕಂಪನಿ ಪ್ರಕಟಿಸಿತು.

ಈ ಏರಿಳಿತವನ್ನು ಅಮೆರಿಕ ಮತ್ತು ಯುರೋಪಿನ ಗ್ರಾಹಕರ ಬೇಡಿಕೆಯ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭ. ಬೇಡಿಕೆ ಕುಸಿದದ್ದು ನಿಜ. ಆದರೆ ಅದೇ ಬೇಡಿಕೆಯನ್ನು ಎದುರಿಸಿದ ಕಂಪನಿಗಳೆಲ್ಲವೂ ಒಂದೇ ಪ್ರಮಾಣದ ಪೆಟ್ಟು ತಿನ್ನಲಿಲ್ಲ, ಒಂದೇ ಕಂಪನಿಯೊಳಗಿನ ಎಲ್ಲ ವಿಭಾಗಗಳೂ ತಿನ್ನಲಿಲ್ಲ. ಎಷ್ಟು ಮಂದಿಯನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಮೊದಲು ಉತ್ತರ ಬರೆದುಕೊಂಡು, ಯಾವ ಕೆಲಸಕ್ಕೆ ಎಂಬುದನ್ನು ನಂತರ ಯೋಚಿಸಿದ ಕಡೆಗಳಲ್ಲೇ ಹೆಚ್ಚಿನ ಹಾನಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ನೇಮಕಾತಿಯ ಕಾರ್ಯತಂತ್ರ ಎಂಬ ಹೆಸರಿನಲ್ಲಿ ಬಹುಪಾಲು ಕಂಪನಿಗಳು ಸಿದ್ಧಪಡಿಸುವ ಕಡತದಲ್ಲಿ ಇರುವುದು ಒಂದು ಸಂಖ್ಯೆ, ಒಂದು ಗಡುವು ಮತ್ತು ಒಂದು ಬಜೆಟ್. ಆದ್ಯತೆ ಎಂಬುದು ಅದರಲ್ಲಿ ಇರುವುದೇ ಇಲ್ಲ; ಏಕೆಂದರೆ ಆದ್ಯತೆಯನ್ನು ಗೊತ್ತುಮಾಡುವುದೆಂದರೆ ಯಾವ ಹುದ್ದೆಗಳನ್ನು ಈ ವರ್ಷ ತುಂಬುವುದಿಲ್ಲ ಎಂದು ಬರೆದು ಸಹಿ ಹಾಕುವುದು, ಮತ್ತು ಆ ಸಹಿ ಹಾಕಲು ಯಾವ ವಿಭಾಗದ ಮುಖ್ಯಸ್ಥರೂ ಮುಂದೆ ಬರುವುದಿಲ್ಲ.

ಸಂಖ್ಯೆಯೇ ಗುರಿಯಾದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಐಟಿ ವಲಯದ ನೋಟಿಸ್ ಅವಧಿಯ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ದಿನಗಳ, ಪದ್ಧತಿ ಚೆನ್ನಾಗಿ ತೋರಿಸುತ್ತದೆ. ದೊಡ್ಡ ಸೇವಾ ಕಂಪನಿಗಳಲ್ಲಿ ಈ ಅವಧಿ ಸಾಮಾನ್ಯವಾಗಿ 90 ದಿನ. ಯೋಜನೆಗಳು ಅರ್ಧಕ್ಕೆ ನಿಲ್ಲಬಾರದು, ಬಿಟ್ಟುಹೋಗುವವರು ತಮ್ಮ ಕೆಲಸವನ್ನು ಮತ್ತೊಬ್ಬರಿಗೆ ವಹಿಸಿ ಹೋಗಬೇಕು ಎಂಬ ಉದ್ದೇಶದಿಂದ ಬಂದ ನಿಯಮ ಇದು. ಆದರೆ ರಾಜೀನಾಮೆ ಕೊಟ್ಟ ಎಂಜಿನಿಯರ್‌ಗೆ ಈ ಮೂರು ತಿಂಗಳು ಕೈಯಲ್ಲಿರುವ ಆಫರನ್ನು ತೋರಿಸಿ ಇನ್ನೊಂದನ್ನು, ಅದನ್ನು ತೋರಿಸಿ ಮತ್ತೊಂದನ್ನು ಪಡೆಯುವ ಕಾಲಾವಕಾಶವಾಯಿತು. ಮೊದಲು ಆಫರ್ ಕೊಟ್ಟ ಕಂಪನಿಗೆ ಸೇರುವ ದಿನದ ಬೆಳಿಗ್ಗೆಯವರೆಗೂ ಆತ ಬರುತ್ತಾನೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಇದಕ್ಕೆ ಎಚ್‌ಆರ್ ವಿಭಾಗಗಳು ಕಂಡುಕೊಂಡ ಮದ್ದು ಹೆಚ್ಚುವರಿ ಆಫರ್‌ಗಳನ್ನು ಹಂಚುವುದು. 60 ಜಾಗಗಳಿದ್ದರೆ 100 ಆಫರ್ ಲೆಟರ್ ಕೊಟ್ಟು, 40 ಮಂದಿ ಕೈಕೊಡುತ್ತಾರೆ ಎಂದು ಲೆಕ್ಕ ಹಾಕಿಕೊಂಡ ಒಂದು ತಂಡವನ್ನು ಊಹಿಸಿಕೊಳ್ಳೋಣ. ಮಾರುಕಟ್ಟೆ ಬಿಸಿಯಾಗಿರುವವರೆಗೆ ಆ ಲೆಕ್ಕ ಸರಿಹೋಗುತ್ತದೆ. ಮಾರುಕಟ್ಟೆ ತಣ್ಣಗಾದ ತಿಂಗಳಲ್ಲಿ ಬೇರೆ ಕಡೆ ಆಫರ್ ಸಿಗದ ಕಾರಣ ನೂರು ಮಂದಿಯೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕೆಲಸ ಕಡಿಮೆಯಾದ ಹೊತ್ತಿನಲ್ಲೇ ಸೇರುವವರು ಹೆಚ್ಚಾಗುವ ಈ ವಿಚಿತ್ರಕ್ಕೆ ಗ್ರಾಹಕರ ಬೇಡಿಕೆಯೊಂದನ್ನೇ ದೂರಲಾಗದು. ಅದನ್ನು ನೇಮಕಾತಿಯ ವಿಧಾನವೇ ಒಳಗೆ ಇಟ್ಟುಕೊಂಡಿತ್ತು.

ಕ್ಯಾಂಪಸ್ ಆಯ್ಕೆಯಲ್ಲಿ ಇದರ ಬಿಸಿ ಇನ್ನೂ ಕಿರಿಯರಿಗೆ ತಟ್ಟಿತು. 2022ರ ಆಸುಪಾಸಿನಲ್ಲಿ ಹಲವು ದೊಡ್ಡ ಕಂಪನಿಗಳಿಂದ ಆಫರ್ ಪಡೆದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ, ಕೆಲವರು ಎರಡು ವರ್ಷಕ್ಕೂ ಮೀರಿ, ಸೇರುವ ದಿನಾಂಕಕ್ಕೆ ಕಾದರು. 2023ರ ಆರಂಭದಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ರೂಪಾಯಿಯ ಆಫರ್ ಇದ್ದವರಿಗೆ 3.5 ಲಕ್ಷಕ್ಕೆ ಒಪ್ಪುವುದಾದರೆ ಬೇಗ ಸೇರಬಹುದು ಎಂಬ ಆಯ್ಕೆಯನ್ನು ಮುಂದಿಟ್ಟಿತು. ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಲ್ಲಿ 2025ರ ಫೆಬ್ರುವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿನಿರತರು ಹೊರಹೋಗಬೇಕಾಯಿತು. ಅವರಲ್ಲಿ ಬಹಳ ಕಾಲ ಕಾದು ಸೇರಿದ್ದವರೂ ಇದ್ದರು. ಮೂರು ಅವಕಾಶಗಳಲ್ಲೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಈ ಷರತ್ತು ಒಪ್ಪಂದದಲ್ಲೇ ಇತ್ತು ಎಂಬುದು ಕಂಪನಿಯ ವಿವರಣೆ. ವಿಷಯ ಕಾರ್ಮಿಕ ಇಲಾಖೆಯ ಮುಂದೂ ಹೋಯಿತು. ಒಪ್ಪಂದದ ಪ್ರಕಾರ ಯಾರು ಸರಿ ಎಂಬ ಚರ್ಚೆಯನ್ನು ಬದಿಗಿಟ್ಟು ನೇಮಕಾತಿಯ ದೃಷ್ಟಿಯಿಂದ ಮಾತ್ರ ನೋಡಿದರೂ, ಆಯ್ಕೆಗೂ ಸೇರ್ಪಡೆಗೂ ನಡುವೆ ಎರಡು ವರ್ಷದ ಅಂತರ ಬಿದ್ದಾಗ ಆಯ್ಕೆಯ ಪರೀಕ್ಷೆಯ ಅರ್ಥವೇ ಕಳೆದುಹೋಗುತ್ತದೆ. ಅಂದು ಪರೀಕ್ಷಿಸಿದ್ದು ಕಾಲೇಜಿನಿಂದ ಆಗಷ್ಟೇ ಹೊರಬಂದ, ಅಭ್ಯಾಸದಲ್ಲಿದ್ದ ವಿದ್ಯಾರ್ಥಿಯನ್ನು. ಸೇರಿದ್ದು ಎರಡು ವರ್ಷ ಬೇರೆ ಏನೇನೋ ಮಾಡಿಕೊಂಡು ಬಂದ ವ್ಯಕ್ತಿ.

ಹಾಗಾದರೆ ಮೊದಲ ಆದ್ಯತೆ ಯಾವುದಾಗಿರಬೇಕು? ಐಟಿ ಬಿಟ್ಟು ಸ್ವಲ್ಪ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಹೋಗೋಣ. ಅಲ್ಲಿನ ಒಳರಸ್ತೆಗಳಲ್ಲಿ ನಡೆದರೆ ಗೇಟಿಗೊಂದರಂತೆ ‘ಸಿಎನ್‌ಸಿ ಆಪರೇಟರ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ಕಾಣುತ್ತದೆ; ಕಂಪ್ಯೂಟರ್ ನಿರ್ದೇಶನದಂತೆ ಲೋಹವನ್ನು ಕೊರೆಯುವ ಯಂತ್ರವೇ ಸಿಎನ್‌ಸಿ. ನೂರಿಪ್ಪತ್ತು ಜನ ಕೆಲಸ ಮಾಡುವ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಹತ್ತು ಆಪರೇಟರ್‌ಗಳ ಮತ್ತು ಒಬ್ಬ ಸೆಟ್ಟರ್‌ನ ಜಾಗ ಖಾಲಿಯಿದೆ. ಆಪರೇಟರ್‌ನ ಕೆಲಸ ಕಚ್ಚಾ ತುಂಡನ್ನು ಯಂತ್ರಕ್ಕೆ ಕಚ್ಚಿಸಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿ, ಹೊರಬಂದ ಭಾಗವನ್ನು ಅಳೆಯುವುದು. ಸೆಟ್ಟರ್‌ನದು ಅದಕ್ಕೂ ಹಿಂದಿನ ಕೆಲಸ: ಹೊಸ ಆರ್ಡರ್ ಬಂದಾಗ ತುಂಡನ್ನು ಹಿಡಿದಿಡುವ ಫಿಕ್ಸ್ಚರ್ ಕೂರಿಸುವುದು, ಕೊರೆಯುವ ಉಪಕರಣ ಎಲ್ಲಿ ನಿಲ್ಲಬೇಕೆಂಬ ಅಳತೆಯನ್ನು (ಟೂಲ್ ಆಫ್‌ಸೆಟ್) ಹೊಂದಿಸುವುದು, ಮೊದಲ ತುಂಡನ್ನು ತೆಗೆದು ಮೈಕ್ರೊಮೀಟರ್ ಹಿಡಿದು ನಕ್ಷೆಯಲ್ಲಿರುವ ಅಳತೆಗೆ ಬರುವ ತನಕ ತಿದ್ದುವುದು. ಒಬ್ಬ ಆಪರೇಟರ್ ಬಾರದ ದಿನ ಒಂದು ಯಂತ್ರ ನಿಧಾನವಾಗುತ್ತದೆ, ಪಕ್ಕದವನೇ ಅದನ್ನೂ ನೋಡಿಕೊಳ್ಳುತ್ತಾನೆ. ಸೆಟ್ಟರ್ ಇಲ್ಲದ ಪಾಳಿಯಲ್ಲಿ ಮೂರು ನಾಲ್ಕು ಯಂತ್ರಗಳು ಆರ್ಡರ್ ಬದಲಿಸಲಾಗದೆ ನಿಲ್ಲುತ್ತವೆ, ಅವುಗಳ ಮುಂದೆ ಆಪರೇಟರ್‌ಗಳು ಕೈಕಟ್ಟಿ ನಿಲ್ಲುತ್ತಾರೆ, ಅವರ ಸಂಬಳ ಮಾತ್ರ ನಿಲ್ಲುವುದಿಲ್ಲ.

ಆದರೂ ಮಾಲೀಕರು ಮೊದಲು ತುಂಬುವುದು ಆಪರೇಟರ್‌ಗಳ ಹತ್ತು ಜಾಗವನ್ನೇ. ಬೋರ್ಡು ಹಾಕಿದ ವಾರದೊಳಗೆ ಜನ ಸಿಗುತ್ತಾರೆ, ತಿಂಗಳ ವರದಿಯಲ್ಲಿ ‘ಹನ್ನೊಂದರಲ್ಲಿ ಹತ್ತು ಹುದ್ದೆ ಭರ್ತಿ’ ಎಂದು ಬರೆಯಬಹುದು. ಸೆಟ್ಟರ್ ಬೇಕೆಂದರೆ ಪಕ್ಕದ ಶೆಡ್ಡಿನಿಂದ ಹೆಚ್ಚು ಸಂಬಳದ ಆಸೆ ತೋರಿಸಿ ಎಳೆದುಕೊಳ್ಳಬೇಕು. ಆರು ತಿಂಗಳ ನಂತರ ಮೂರನೆಯ ಶೆಡ್ಡಿನವರು ಆತನನ್ನು ಅದೇ ರೀತಿ ಎಳೆದುಕೊಳ್ಳುತ್ತಾರೆ. ಇಲ್ಲಿ ಆದ್ಯತೆಯ ಲೆಕ್ಕವನ್ನು ತಿರುವಿಹಾಕಿದರೆ ದಾರಿ ಬೇರೆಯಾಗಿ ಕಾಣುತ್ತದೆ. ಮೂರು ನಾಲ್ಕು ವರ್ಷದಿಂದ ಇರುವ ಆಪರೇಟರ್‌ಗಳಲ್ಲಿ ಇಬ್ಬರನ್ನು ಆರಿಸಿ, ನಗರದಲ್ಲೇ ಇರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರೂ ಜಿಟಿಟಿಸಿ ಎಂದು ಕರೆಯುವ ಸಂಸ್ಥೆಯ ಅಲ್ಪಾವಧಿ ಕೋರ್ಸಿಗೆ ಕಂಪನಿಯ ಖರ್ಚಿನಲ್ಲಿ ಕಳಿಸಿ, ವಾಪಸ್ ಬಂದ ಮೇಲೆ ಸೆಟ್ಟರ್‌ನ ದರ್ಜೆ ಮತ್ತು ಸಂಬಳ ಎರಡನ್ನೂ ಕೊಡುವುದು. ಖಾಲಿಯಾದ ಆಪರೇಟರ್ ಜಾಗಕ್ಕೆ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದು. ಹೊರಗಿನಿಂದ ಕೊಳ್ಳಬೇಕಾದ ಕೌಶಲ ಯಾವುದು, ಒಳಗೇ ಬೆಳೆಸಬಹುದಾದದ್ದು ಯಾವುದು ಎಂಬ ವಿಂಗಡಣೆಯೇ ನೇಮಕಾತಿಯ ಕಾರ್ಯತಂತ್ರದ ತಿರುಳು. ಇದನ್ನು ಮಾಡದೆ ಹೊರಡಿಸುವ ಜಾಹೀರಾತು ಬರೀ ದುಬಾರಿ ಅಭ್ಯಾಸ.

ಅಪ್ರೆಂಟಿಸ್ ವ್ಯವಸ್ಥೆಯ ಬಗ್ಗೆ ಎರಡು ಮಾತು ಇಲ್ಲೇ ಹೇಳಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿಯ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಒಟ್ಟು ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅವರ ಸ್ಟೈಪೆಂಡ್‌ನ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ, ಭವಿಷ್ಯನಿಧಿ (ಪಿಎಫ್) ಮತ್ತು ಕಾರ್ಮಿಕರ ವಿಮೆಯ (ಇಎಸ್‌ಐ) ಹೊರೆಯೂ ಇಲ್ಲ. ಈ ಕೊನೆಯ ಅಂಶವೇ ಹಲವರಿಗೆ ಏಕೈಕ ಆಕರ್ಷಣೆಯಾಗಿ, ಅಪ್ರೆಂಟಿಸ್ ಎಂದರೆ ಅಗ್ಗದ ಕೂಲಿ ಎಂಬಂತಾಗಿದೆ. ವರ್ಷ ಮುಗಿದ ಕೂಡಲೇ ಹಳೆಯ ತಂಡವನ್ನು ಕಳಿಸಿ ಹೊಸ ತಂಡವನ್ನು ಕರೆತರುವ ಕಾರ್ಖಾನೆ ತನಗೇ ನಷ್ಟ ಮಾಡಿಕೊಳ್ಳುತ್ತದೆ. ತನ್ನದೇ ಖರ್ಚಿನಲ್ಲಿ ಕಲಿಸಿ, ಕಲಿತ ಕೈಯನ್ನು ಪಕ್ಕದವನಿಗೆ ಉಚಿತವಾಗಿ ಕೊಟ್ಟಂತಾಗುತ್ತದೆ. ಎಷ್ಟು ಅಪ್ರೆಂಟಿಸ್‌ಗಳನ್ನು ಕಾಯಂ ಮಾಡಿಕೊಳ್ಳುತ್ತೇವೆ ಎಂಬುದನ್ನು ವರ್ಷದ ಆರಂಭದಲ್ಲೇ ಹೇಳಿದ ಕಡೆ ಹುಡುಗರು ಕಲಿಯುವ ರೀತಿಯೇ ಬೇರೆಯಾಗಿರುತ್ತದೆ. ಪದವಿಯ ಮಟ್ಟದಲ್ಲಿ ಇಂಥದ್ದನ್ನು ಗಂಭೀರವಾಗಿ ಮಾಡಿದ ಹಳೆಯ ಉದಾಹರಣೆ ನಮ್ಮಲ್ಲೇ ಇದೆ: ಬಿಎಸ್ಸಿ, ಬಿಸಿಎ ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು ಜೊತೆಜೊತೆಗೇ ಎಂ.ಟೆಕ್ ಓದಿಸುವ ವಿಪ್ರೊದ ಕಾರ್ಯಕ್ರಮ. ಆರಂಭದ ಸಂಬಳ ದೊಡ್ಡದಲ್ಲದಿದ್ದರೂ ಓದು ಮುಗಿಯುವವರೆಗೆ ಜನ ನಿಲ್ಲುತ್ತಾರೆ. ಸಂಬಳವೊಂದನ್ನೇ ಮುಂದಿಟ್ಟು ಪೈಪೋಟಿಗೆ ಇಳಿಯಲಾಗದ ಕಂಪನಿಗಳು ಇದನ್ನು ಗಮನಿಸಬೇಕು.

ಸಂಬಳದ ವಿಷಯಕ್ಕೆ ಬಂದರೆ, ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಸಾಮಾನ್ಯ ಹೊಸ ಎಂಜಿನಿಯರ್‌ನ ವಾರ್ಷಿಕ ಪ್ಯಾಕೇಜ್ ಹತ್ತು ವರ್ಷಕ್ಕೂ ಮೀರಿ ಮೂರರಿಂದ ನಾಲ್ಕು ಲಕ್ಷ ರೂಪಾಯಿಯ ನಡುವೆಯೇ ತಿರುಗುತ್ತಿದೆ. ಬೆಂಗಳೂರಿನ ಪಿಜಿ ಬಾಡಿಗೆ ಹಾಗೆ ನಿಂತಿಲ್ಲ. ಇದೇ ಕಂಪನಿಗಳು ಈಗ ಕೋಡಿಂಗ್ ಸ್ಪರ್ಧೆಗಳಲ್ಲಿ ಮೇಲೆ ಬಂದವರಿಗೆ ಎರಡು ಮೂರು ಪಟ್ಟು ಕೊಡುತ್ತಿವೆ. ಟಿಸಿಎಸ್‌ನ ನಿಂಜಾ, ಡಿಜಿಟಲ್, ಪ್ರೈಮ್ ಎಂಬ ಮೂರು ಸಂಬಳದ ಹಂತಗಳು ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಾಲಗೆಯ ಮೇಲೇ ಇವೆ. ಎಲ್ಲರಿಗೂ ಒಂದೇ ಸಂಬಳ ಎಂಬ ಹಳೆಯ ಪದ್ಧತಿಯಿಂದ ಹೊರಬಂದದ್ದು ಆದ್ಯತೆಯ ಕಡೆಗಿನ ಹೆಜ್ಜೆಯೇ. ಆದರೆ ಆ ಹಂತಗಳು ಒಂದು ದಿನದ ಪರೀಕ್ಷೆಯ ಮೇಲೆ ನಿಂತಿವೆಯೇ ಹೊರತು, ಸೇರಿದ ಮೇಲೆ ಸಿಗುವ ಕೆಲಸದ ವ್ಯತ್ಯಾಸದ ಮೇಲೆ ನಿಂತಿಲ್ಲ ಎಂಬ ದೂರು ಕಿರಿಯ ಎಂಜಿನಿಯರ್‌ಗಳ ಮಾತಿನಲ್ಲಿ ಸಾಮಾನ್ಯ. ಹೆಚ್ಚು ಸಂಬಳ ಪಡೆದವನೂ ಕಡಿಮೆ ಪಡೆದವಳೂ ಒಂದೇ ಯೋಜನೆಯಲ್ಲಿ ಗ್ರಾಹಕರ ಒಂದೇ ಬಗೆಯ ದೂರನ್ನು (ಟಿಕೆಟ್) ಬಗೆಹರಿಸುತ್ತಾ ಕುಳಿತರೆ ಇಬ್ಬರೂ ಬಿಡುತ್ತಾರೆ, ಬೇರೆ ಬೇರೆ ಕಾರಣಕ್ಕೆ.

ಜಾಗತಿಕ ಸಾಮರ್ಥ್ಯ ಕೇಂದ್ರಗಳು ಈ ಚಿತ್ರವನ್ನು ಇನ್ನಷ್ಟು ಬದಲಿಸಿವೆ. ವಿದೇಶಿ ಬ್ಯಾಂಕು, ಅಂಗಡಿ ಸರಣಿ, ವಿಮಾನ ಎಂಜಿನ್ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಇಂಥ ಕೇಂದ್ರಗಳು ಐಟಿ ಉದ್ಯಮದ ಒಕ್ಕೂಟವಾದ ನಾಸ್ಕಾಂ ಲೆಕ್ಕದಂತೆ 2024ರ ಹೊತ್ತಿಗೆ ದೇಶದಲ್ಲಿ 1,700ನ್ನು ದಾಟಿದ್ದವು, 19 ಲಕ್ಷ ಜನರಿಗೆ ಕೆಲಸ ಕೊಟ್ಟಿದ್ದವು. ಅವುಗಳಲ್ಲಿ ಅತಿ ಹೆಚ್ಚಿನವು ಬೆಂಗಳೂರಿನಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಕೆಲಸವನ್ನೇ ಇಲ್ಲಿಗೆ ತರುವ ಲೆಕ್ಕಾಚಾರ ಇನ್ನಷ್ಟು ಬಲ ಪಡೆಯಿತು. ಈ ಕೇಂದ್ರಗಳು ಬಹುಮಟ್ಟಿಗೆ ಹುಡುಕುವುದು ನಾಲ್ಕರಿಂದ ಹತ್ತು ವರ್ಷ ಅನುಭವವಿರುವವರನ್ನು. ಹೀಗಾಗಿ ಮಧ್ಯಮ ಗಾತ್ರದ ಸ್ಥಳೀಯ ಕಂಪನಿಯೊಂದು ಅದೇ ಅನುಭವದ ಜನರಿಗೆ ಅದೇ ಮಾರುಕಟ್ಟೆಯಲ್ಲಿ ಕೈಹಾಕುವುದು ಗೆಲ್ಲಲಾಗದ ಹರಾಜಿಗೆ ಇಳಿದಂತೆ. ಅದಕ್ಕೆ ಉಳಿದಿರುವುದು ಎರಡೇ ದಾರಿ: ಕಿರಿಯರನ್ನು ತೆಗೆದುಕೊಂಡು ಬೆಳೆಸುವುದು, ಅಥವಾ ಹರಾಜು ನಡೆಯದ ಊರಿಗೆ ಹೋಗುವುದು.

ಊರಿಗೆ ಹೋಗುವ ಮಾತನ್ನು ಸರ್ಕಾರ ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಹೇಳುತ್ತಲೇ ಇದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಭಾಗಗಳು ಅದರ ಪಟ್ಟಿಯ ಮೇಲ್ಭಾಗದಲ್ಲಿವೆ. ಮಾತು ಕೃತಿಗೆ ಬಾರದಿರಲು ಒಂದು ಕಾರಣ ನೇಮಕಾತಿಯಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಕಿರಿಯ ಎಂಜಿನಿಯರ್‌ಗಳು ಸಿಗುತ್ತಾರೆ. ಅವರ ಮೇಲೆ ಕೂರಬೇಕಾದ, ಹತ್ತು ಹನ್ನೆರಡು ವರ್ಷ ಅನುಭವದ ಮ್ಯಾನೇಜರ್‌ಗಳು ಬೆಂಗಳೂರಿನಲ್ಲಿ ಮನೆ ಕಟ್ಟಿಕೊಂಡು, ಮಕ್ಕಳನ್ನು ಶಾಲೆಗೆ ಹಾಕಿ ಕುಳಿತಿದ್ದಾರೆ. 2024ರಲ್ಲಿ ಇನ್ಫೊಸಿಸ್ ತನ್ನ ಉದ್ಯೋಗಿಗಳಿಗೆ ಹುಬ್ಬಳ್ಳಿ ಕ್ಯಾಂಪಸ್‌ಗೆ ವರ್ಗವಾಗಲು ದರ್ಜೆಗೆ ತಕ್ಕಂತೆ ಗರಿಷ್ಠ 8 ಲಕ್ಷ ರೂಪಾಯಿಯವರೆಗೆ ಪ್ರೋತ್ಸಾಹಧನ ಘೋಷಿಸಿದ್ದು ಈ ಕೊರತೆಯ ಆಳವನ್ನು ಹೇಳುತ್ತದೆ. ಎರಡನೆಯ ಹಂತದ ನಗರದಲ್ಲಿ ಕಚೇರಿ ತೆರೆಯುವ ಕಂಪನಿಯ ನೇಮಕಾತಿ ಪಟ್ಟಿಯಲ್ಲಿ ಮೊದಲ ಹೆಸರು ಹೊಸ ಪದವೀಧರನದಲ್ಲ, ಊರಿಗೆ ಮರಳಲು ಮನಸ್ಸಿರುವ ಐದಾರು ಹಿರಿಯರದ್ದಾಗಿರಬೇಕು. ವಯಸ್ಸಾದ ತಂದೆತಾಯಿ ಧಾರವಾಡದಲ್ಲೋ ಕುಂದಾಪುರದಲ್ಲೋ ಇರುವ, ಬೆಂಗಳೂರಿನ ಟ್ರಾಫಿಕ್‌ಗೆ ಬೇಸತ್ತ ಅಂಥವರು ಕಡಿಮೆಯೇನಿಲ್ಲ. ಅವರನ್ನು ಹುಡುಕುವ ಕೆಲಸವನ್ನು ಯಾವ ಜಾಬ್ ಪೋರ್ಟಲ್ಲೂ ಮಾಡಿಕೊಡುವುದಿಲ್ಲ, ಪರಿಚಯದವರ ಮೂಲಕವೇ ಆಗಬೇಕು.

ಸ್ಥಳೀಯರ ಪ್ರಶ್ನೆಯನ್ನು ಬಿಟ್ಟು ಕರ್ನಾಟಕದಲ್ಲಿ ನೇಮಕಾತಿಯ ಬಗ್ಗೆ ಬರೆಯಲಾಗದು. ಕನ್ನಡಿಗರಿಗೆ ಉದ್ಯೋಗ ಕೊಡುವ ಬಗ್ಗೆ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಾಗಿನಿಂದ ಇದು ಆಗಾಗ ಏಳುವ, ಏಳುವಾಗಲೆಲ್ಲ ಬಿಸಿಯಾಗುವ ವಿಷಯ. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡಬೇಕು ಎಂದಿತು. ಉದ್ಯಮ ವಲಯದ ತೀವ್ರ ಆಕ್ಷೇಪದ ನಂತರ ಒಂದೆರಡು ದಿನದಲ್ಲೇ ಅದನ್ನು ತಡೆಹಿಡಿಯಲಾಯಿತು. ಹರಿಯಾಣದ ಶೇ 75ರ ಕಾನೂನನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅಸಾಂವಿಧಾನಿಕ ಎಂದು ರದ್ದುಪಡಿಸಿತ್ತು. ಕಾನೂನಿನ ಭವಿಷ್ಯ ಏನೇ ಇರಲಿ, ಕಂಪನಿಗಳು ಅದರ ಭಯದಿಂದಲ್ಲ, ತಮ್ಮ ಲಾಭದ ದೃಷ್ಟಿಯಿಂದಲೇ ಇದನ್ನು ಯೋಚಿಸಲು ಕಾರಣವಿದೆ. ಉತ್ಪಾದನಾ ಘಟಕಗಳಲ್ಲಿ ಹೊರರಾಜ್ಯದ ಗುತ್ತಿಗೆ ಕಾರ್ಮಿಕರ ಮೇಲೆಯೇ ಪೂರ್ತಿ ನಿಂತ ಪಾಳಿ ಹೋಳಿ ಹಬ್ಬಕ್ಕೆ, ಬಿಹಾರದ ಕಡೆಯ ಛಠ್ ಹಬ್ಬಕ್ಕೆ, ಊರಿನ ಚುನಾವಣೆಗೆ ಒಮ್ಮೆಲೇ ಖಾಲಿಯಾಗುತ್ತದೆ. 2020ರ ಲಾಕ್‌ಡೌನ್ ನಂತರ ಊರಿಗೆ ಹೋದವರು ಮರಳುವವರೆಗೆ ಎಷ್ಟು ಕಾಲ ಯಂತ್ರಗಳು ನಿಂತಿದ್ದವೆಂಬುದನ್ನು ಯಾವ ಮಾಲೀಕರೂ ಮರೆತಿರಲಾರರು. ಸುತ್ತಲಿನ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬಂದುಹೋಗುವವರು ಯುಗಾದಿಗೆ, ಊರಜಾತ್ರೆಗೆ ರಜೆ ಹಾಕುತ್ತಾರೆ, ಮೂರನೆಯ ದಿನ ವಾಪಸ್ ಬರುತ್ತಾರೆ. ಹಾಗೆಂದು ಹೊರಗಿನವರು ಬೇಡ ಎಂಬ ವಾದ ಇದಲ್ಲ. ಒಂದೇ ಮೂಲದಿಂದ, ಒಬ್ಬನೇ ಗುತ್ತಿಗೆದಾರನ ಮೂಲಕ ಎಲ್ಲರನ್ನೂ ತರುವ ಪದ್ಧತಿ ಅಪಾಯಕಾರಿ ಎಂಬುದಷ್ಟೇ.

ಮಹಿಳೆಯರ ನೇಮಕದಲ್ಲಿ ಆಡದೆ ಉಳಿಯುವ ಲೆಕ್ಕವೊಂದಿದೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ; ಆ ಅವಧಿಯ ಪೂರ್ತಿ ಸಂಬಳ ಮಾಲೀಕರ ಮೇಲೆಯೇ ಬೀಳುತ್ತದೆ ಎಂಬ ಕಾರಣಕ್ಕೆ ಸಂದರ್ಶನದ ಕೋಣೆಯಲ್ಲಿ ‘ಮದುವೆ ಯಾವಾಗ’ ಎಂಬ ಪ್ರಶ್ನೆ ನೇರವಾಗಿಯೋ ಸುತ್ತುಬಳಸಿಯೋ ಬರುತ್ತದೆ. ಆದರೆ ತಿಂಗಳಿಗೆ 21 ಸಾವಿರ ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ವ್ಯಾಪ್ತಿಗೆ ಬರುವ ಮಹಿಳೆಯರಿಗೆ ಹೆರಿಗೆ ಅವಧಿಯ ಹಣ ಕೊಡುವುದು ಇಎಸ್‌ಐ ನಿಗಮವೇ ಹೊರತು ಮಾಲೀಕರಲ್ಲ. ಗಾರ್ಮೆಂಟ್ ಮತ್ತು ಎಲೆಕ್ಟ್ರಾನಿಕ್ಸ್ ಜೋಡಣೆಯ ಘಟಕಗಳ ಬಹುಪಾಲು ಮಹಿಳೆಯರು ಈ ಮಿತಿಯೊಳಗೇ ಇದ್ದಾರೆ. ಅಂದರೆ ಯಾವ ಘಟಕಗಳಲ್ಲಿ ಈ ಹಿಂಜರಿಕೆಗೆ ಹಣಕಾಸಿನ ನೆಪವೂ ಇಲ್ಲವೋ ಅಲ್ಲೂ ಅದು ಮುಂದುವರಿದಿದೆ. ಅಲ್ಲಿ ನಿಜವಾದ ತೊಡಕು ಬೇರೆ: ರಾತ್ರಿ ಪಾಳಿ ಮುಗಿದ ಮೇಲೆ ಮನೆಯ ತಿರುವಿನವರೆಗೆ ಹೋಗುವ ಬಸ್ಸು, ಬಾಗಿಲು ಸರಿಯಿರುವ ಶೌಚಾಲಯ, ಮಗುವನ್ನು ಬಿಡಬಹುದಾದ ಶಿಶುಪಾಲನಾ ಕೊಠಡಿ. 50 ಜನರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಸೌಲಭ್ಯ ಕಡ್ಡಾಯವೆಂದು ಕಾನೂನು ಹೇಳುತ್ತದೆ. ಹಲವು ಕಡೆ ಆ ಕೊಠಡಿಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳಿರುತ್ತವೆ. ಇವನ್ನು ಸರಿಪಡಿಸುವ ಖರ್ಚನ್ನು ಕಲ್ಯಾಣ ವೆಚ್ಚ ಎಂದಲ್ಲ, ನೇಮಕಾತಿಯ ಬಜೆಟ್‌ನಲ್ಲೇ ಹಾಕಬೇಕು.

ಇನ್ನು ಆಯ್ಕೆಯ ವಿಧಾನ. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ, ದಶಕಗಳ ಅಧ್ಯಯನಗಳ ಮರುವಿಶ್ಲೇಷಣೆಯಲ್ಲಿ ಮುಂದಿನ ಕೆಲಸದ ಗುಣಮಟ್ಟವನ್ನು ಊಹಿಸುವುದರಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ರಚನಾಬದ್ಧ ಸಂದರ್ಶನ, ಅಂದರೆ ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಗೊತ್ತುಮಾಡಿದ ಅದೇ ಪ್ರಶ್ನೆಗಳನ್ನು ಕೇಳಿ, ಮೊದಲೇ ಬರೆದಿಟ್ಟ ಮಾನದಂಡದ ಮೇಲೆ ಅಂಕ ಕೊಡುವ ಕ್ರಮ. ಕೆಲಸಕ್ಕೆ ಸಂಬಂಧಿಸಿದ ಜ್ಞಾನದ ಪರೀಕ್ಷೆ ಮತ್ತು ಕೆಲಸದ ತುಣುಕನ್ನು ಮಾಡಿಸಿ ನೋಡುವುದು ಅದರ ಹಿಂದೆಯೇ ಬರುತ್ತವೆ. ಬಾಯಿಗೆ ಬಂದಂತೆ ನಡೆಯುವ ಹರಟೆಯ ಸಂದರ್ಶನ ಬಹಳ ಕೆಳಗೆ, ‘ಎಷ್ಟು ವರ್ಷದ ಅನುಭವ’ ಎಂಬುದು ಇನ್ನೂ ಕೆಳಗೆ. ನಮ್ಮ ಉದ್ಯೋಗ ಜಾಹೀರಾತುಗಳು ಇದಕ್ಕೆ ನೇರ ವಿರುದ್ಧವಾಗಿವೆ: ಮೊದಲ ಸಾಲಿನಲ್ಲೇ ವರ್ಷಗಳ ಬೇಡಿಕೆ, ಕೊನೆಗೆ ಮ್ಯಾನೇಜರ್ ಜೊತೆ ಕಾಫಿ ಕುಡಿಯುತ್ತಾ ಮಾತುಕತೆ. ಸೆಟ್ಟರ್‌ನನ್ನು ಆರಿಸುವ ಪೀಣ್ಯದ ಸೂಪರ್‌ವೈಸರ್ ಈ ವಿಷಯದಲ್ಲಿ ಎಷ್ಟೋ ಐಟಿ ಮ್ಯಾನೇಜರ್‌ಗಳಿಗಿಂತ ಮುಂದಿದ್ದಾರೆ. ನಕ್ಷೆ ಕೊಟ್ಟು, ಯಂತ್ರದ ಮುಂದೆ ನಿಲ್ಲಿಸಿ, ಮೊದಲ ತುಂಡು ಅಳತೆಗೆ ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ.

ಸಾವಿರಾರು ಅರ್ಜಿಗಳನ್ನು ಜರಡಿ ಹಿಡಿಯಲು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೊಳ್ಳುವ ಒತ್ತಡ ಈಗ ಎಲ್ಲ ಕಂಪನಿಗಳ ಮೇಲೂ ಇದೆ. ಅರ್ಜಿದಾರರೂ ಅಂಥದ್ದೇ ಸಾಧನದಿಂದ ರೆಸ್ಯೂಮೆ ಬರೆಸುತ್ತಿರುವುದರಿಂದ ಯಂತ್ರ ಬರೆದದ್ದನ್ನು ಯಂತ್ರ ಓದಿ ಮೆಚ್ಚುವ ಸ್ಥಿತಿ ಬಂದಿದೆ. ಅಮೆಜಾನ್ ಇಂಥದ್ದೊಂದು ಸಾಧನವನ್ನು ಒಳಗೇ ಕಟ್ಟಿ, ಅದು ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿದೆಯೆಂದು ಕಂಡು ಕೈಬಿಟ್ಟ ಸಂಗತಿ 2018ರಲ್ಲೇ ವರದಿಯಾಗಿತ್ತು. ಹಿಂದಿನ ನೇಮಕಗಳಲ್ಲಿದ್ದ ಗಂಡಸರ ಬಹುಮತವನ್ನೇ ಅದು ಅರ್ಹತೆಯೆಂದು ಕಲಿತಿತ್ತು. ಇದರ ಜೊತೆಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳೂ 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಆಯ್ಕೆಯಾಗದವರ ಆಧಾರ್ ಪ್ರತಿ, ಸಂಬಳದ ಚೀಟಿಗಳನ್ನು ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವ ಹಳೆಯ ರೂಢಿಯನ್ನು ಬಿಡಲೇಬೇಕಾಗುತ್ತದೆ.

ಕಾನೂನಿನ ಇನ್ನೊಂದು ಬದಲಾವಣೆ ಆಫರ್ ಲೆಟರ್‌ಗಳನ್ನೇ ಮುಟ್ಟುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿಯೊಬ್ಬ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು, ನಿಗದಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷ ಕಾಯದೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಲ್ಲುತ್ತದೆ, ಭತ್ಯೆಗಳ ಪಾಲು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ್ದನ್ನು ವೇತನವೆಂದೇ ಪರಿಗಣಿಸಲಾಗುತ್ತದೆ. ಗುತ್ತಿಗೆಯವರನ್ನು ಇಟ್ಟುಕೊಳ್ಳುವುದು ಅಗ್ಗ ಎಂಬ ಏಕೈಕ ಕಾರಣಕ್ಕೆ ಅದನ್ನು ಆದ್ಯತೆಯ ಪಟ್ಟಿಯಲ್ಲಿ ಮೇಲಿಟ್ಟುಕೊಂಡಿದ್ದ ಕಂಪನಿಗಳು ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬೇಕು. ಕೆಲವು ಹುದ್ದೆಗಳಲ್ಲಿ ನಿಗದಿತ ಅವಧಿಯ ನೇರ ನೇಮಕವೇ ಎರಡೂ ಕಡೆಗೆ ಅನುಕೂಲಕರವಾಗಬಹುದು.

ಕೊನೆಯದಾಗಿ, ಇಷ್ಟೆಲ್ಲ ವಿಂಗಡಣೆ ಮಾಡಿದರೂ ನೇಮಕ ಮಾಡುವವರನ್ನು ಅಳೆಯುವ ಕೋಲು ಹಳೆಯದೇ ಆಗಿದ್ದರೆ ಏನೂ ಬದಲಾಗದು. ಎಷ್ಟು ದಿನದಲ್ಲಿ ಎಷ್ಟು ಹುದ್ದೆ ತುಂಬಿತು ಎಂಬುದರ ಮೇಲೆ ಎಚ್‌ಆರ್‌ನವರ ಬೋನಸ್ ನಿಂತಿರುವವರೆಗೆ ಅವರು ಆಪರೇಟರ್‌ಗಳನ್ನೇ ಮೊದಲು ತರುತ್ತಾರೆ. ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಇಂದಿಗೂ ಇದ್ದಾರೆ, ಬಿಟ್ಟವರು ಯಾವ ಮ್ಯಾನೇಜರ್ ಕೈಕೆಳಗಿನಿಂದ ಬಿಟ್ಟರು ಎಂಬ ಎರಡು ಅಂಕಣಗಳನ್ನು ವಿಭಾಗವಾರು ಮಾಡಿಸಿದರೆ, ಹೊಸ ಜಾಹೀರಾತಿನ ಅಗತ್ಯವೇ ಇಲ್ಲದ ಕೆಲವು ಹುದ್ದೆಗಳು ತಾವಾಗಿ ಎದ್ದು ಕಾಣುತ್ತವೆ. ಒಂದೇ ಕುರ್ಚಿಗೆ ವರ್ಷದಲ್ಲಿ ಮೂರನೆಯ ಬಾರಿ ಜನ ಹುಡುಕುತ್ತಿದ್ದರೆ ಕೊರತೆಯಿರುವುದು ಅಭ್ಯರ್ಥಿಗಳಲ್ಲಿ ಅಲ್ಲ. ಇದೇ ತರ್ಕವನ್ನು ಅಭ್ಯರ್ಥಿಗಳನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗಳ ಒಪ್ಪಂದಕ್ಕೂ ಅನ್ವಯಿಸಬಹುದು. ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ಅವುಗಳ ರೂಢಿಯ ಶುಲ್ಕ. ಸೇರಿದವರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬಿಟ್ಟರೆ ಮಾತ್ರ ಬದಲಿ ಒದಗಿಸುವ ಷರತ್ತಿರುತ್ತದೆ. ನಾಲ್ಕನೆಯ ತಿಂಗಳಲ್ಲಿ ಅದೇ ವ್ಯಕ್ತಿಯನ್ನು ಮತ್ತೊಂದು ಕಂಪನಿಗೆ ಕಳಿಸಿ ಮತ್ತೊಂದು ಶುಲ್ಕ ಪಡೆಯಲು ಆ ಷರತ್ತು ಅಡ್ಡಬರುವುದಿಲ್ಲ. ಶುಲ್ಕದ ಅರ್ಧವನ್ನು ಸೇರಿದಾಗ, ಉಳಿದರ್ಧವನ್ನು ಅಭ್ಯರ್ಥಿ ಒಂದು ವರ್ಷ ಪೂರೈಸಿದಾಗ ಕೊಡುವ ಒಪ್ಪಂದಕ್ಕೆ ಒಪ್ಪುವ ಕನ್ಸಲ್ಟೆನ್ಸಿಗಳು ಕಡಿಮೆ. ಒಪ್ಪುವ ಒಂದೆರಡನ್ನು ಹುಡುಕಿ, ಕಷ್ಟದ ಹುದ್ದೆಗಳನ್ನು ಅವುಗಳಿಗೆ ಮಾತ್ರ ವಹಿಸುವುದರಿಂದಲೇ ಮುಂದಿನ ಏಪ್ರಿಲ್‌ನಲ್ಲಿ ಶುರುವಾಗುವ ಹಣಕಾಸು ವರ್ಷದ ನೇಮಕಾತಿ ಪಟ್ಟಿಯನ್ನು ಆರಂಭಿಸಬಹುದು.